ಹಸುವಿಗೆ ಹೇಳಿದ ತುಳು

ಇವತ್ತು ಬೆಳಿಗ್ಗೆ ಮೂಡುಬಿದಿರೆಯ ನಮ್ಮ ಕಚೇರಿಗೆ ಹೊಸದಾಗಿ ಬಂದ ವರದಿಗಾರ್ತಿ, ಮಂಡ್ಯದವರು, ತುಳು ಕಲಿಯಲು ಏನಾದರೂ ಪುಸ್ತಕ ಇದೆಯೇ ಎಂದು ಕೇಳಿದರು. ಮೇಜಿನ ಡ್ರಾಯರ್ ಎಳೆದೆ. ನನ್ನ ಹಳೆಯ ಟಿಪ್ಪಣಿ ಪುಸ್ತಕ ಸಿಕ್ಕಿತು. ಮೊದಲ ಪುಟದಲ್ಲಿ ಮೂರು ಮಾತು: ಬಲ ಎಂದರೆ ಬಾ, ಉಂತುಲ ಎಂದರೆ ನಿಲ್ಲು, ತಿನ್ಲ ಎಂದರೆ ತಿನ್ನು. ಮೂರೂ ಒಂದು ಹಸುವಿಗೆ ಹೇಳಿದವು.

ನಾನು ಗದಗ ಕಡೆಯವನು. ಬೆಳ್ತಂಗಡಿಗೆ ಪತ್ರಿಕೆಯ ವರದಿಗಾರನಾಗಿ ವರ್ಗವಾಗಿ ಬಂದಾಗ ವಯಸ್ಸು ಮೂವತ್ತನಾಲ್ಕು. ಇಲ್ಲಿಯವರು ನನ್ನನ್ನು ಕಂಡ ಕೂಡಲೇ ಕನ್ನಡಕ್ಕೆ ಬದಲಾಗುತ್ತಿದ್ದರು, ಅದೂ ಶಾಲೆಯ ಪಾಠದಂಥ ಕನ್ನಡಕ್ಕೆ. ನಾನು ಪೆನ್ನು ಜೇಬಿಗೆ ಸೇರಿಸಿದ ಮೇಲೆ ತಮ್ಮತಮ್ಮಲ್ಲಿ ತುಳು. ಹೇಳಿಕೆ ಕನ್ನಡದಲ್ಲಿ, ಸಂಗತಿ ತುಳುವಿನಲ್ಲಿ. ನಾನು ದಿನವೂ ಹೇಳಿಕೆ ಕಳುಹಿಸುತ್ತಿದ್ದೆ.

ವೇಣೂರಿನಲ್ಲಿ ನನಗೆ ಬಾಡಿಗೆಗೆ ಕೋಣೆ ಕೊಟ್ಟಿದ್ದ ಕಮಲಕ್ಕನ ಬಳಿ, ತುಳು ಕಲಿಸಿ ಎಂದು ಕೇಳಿದೆ.

“ಎಂತಕ್ಕೆ?”

“ಸುದ್ದಿಗೆ ಬೇಕ್ರೀ ಅಕ್ಕಾ.”

“ಹಾಗಾದ್ರೆ ಬೇಡ ಮಾರಾಯ್ರೆ. ನಾವು ಮನೆಯಲ್ಲಿ ಆಡಿದ್ದನ್ನು ಮತ್ತೆ ಪೇಪರಿನಲ್ಲಿ ಓದ್ಲಿಕ್ಕಾ?”

ನೀವೂ ಒಪ್ಪುತ್ತೀರಿ, ನ್ಯಾಯವಾದ ಆಕ್ಷೇಪ. ನಾನು ದನದ ಹಟ್ಟಿಯ ಕಡೆಗಿದ್ದ ಕಿಟಕಿಯ ಬಳಿ ಕುಳಿತು ಕಲಿಯತೊಡಗಿದೆ. ಬೈಗುಳ, ಊರಿನ ಸಮಾಚಾರ, ಮೊಣಕಾಲು ನೋವು, ಎಲ್ಲವನ್ನೂ ಅಕ್ಕ ಹಸುವಿಗೆ ತುಳುವಿನಲ್ಲಿ ಹೇಳುತ್ತಿದ್ದರು. ವರ್ಷ ಕಳೆಯುವಾಗ ಹಸುವಿಗೆ ತಿಳಿದಷ್ಟು ನನಗೂ ತಿಳಿಯುತ್ತಿತ್ತು. ಉತ್ತರ ಕೊಡುವುದರಲ್ಲಿಯೂ ನಾವಿಬ್ಬರೂ ಸಮಾನರು.

ಒಂದು ಸಂಜೆ ನಾನು ನೀರುದೋಸೆ ತಿನ್ನುತ್ತಿದ್ದಾಗ ಅಕ್ಕನ ತಮ್ಮ ಬಂದರು. ಪಕ್ಕದ ಊರಿನ ಪಂಚಾಯತ್ ಅಧ್ಯಕ್ಷರು. ನನಗೆ ತುಳು ಬಾರದೆಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ನನ್ನ ಎದುರೇ ಕುಳಿತು ಅಕ್ಕನಿಗೆ ತುಳುವಿನಲ್ಲಿ, ನಾಳೆ ರಾಜೀನಾಮೆ ಕೊಡುತ್ತೇನೆ, ಯಾರಿಗೂ ಹೇಳಿಲ್ಲ, ಆ ಕುರ್ಚಿಯಾದರೂ ಸ್ವಲ್ಪ ಸುಧಾರಿಸಿಕೊಳ್ಳಲಿ ಎಂದರು. ನನಗೆ ನಗು ಬಂತು. ಅಕ್ಕ ನೋಡಿದರು. ಇನ್ನೊಂದು ದೋಸೆ ಹಾಕಿದರು.

ನಾಳೆಯ ಪತ್ರಿಕೆಯ ಪುಟ ಮುಗಿಸಲು ಇನ್ನೂ ಎರಡು ಗಂಟೆ ಇತ್ತು. ತುಳುವಿನಲ್ಲಿ ನನಗೆ ಸಿಕ್ಕಿದ ಮೊದಲ ಸುದ್ದಿ, ಬೇರೆ ಯಾರ ಬಳಿಯೂ ಇಲ್ಲದ್ದು. ಫೋನ್ ಹಿಡಿದು ಕುಳಿತೆ. ಕಳುಹಿಸಲಿಲ್ಲ.

ಮರುದಿನ ಬೆಳಿಗ್ಗೆ ಅಕ್ಕ ಜಗಲಿಯಲ್ಲಿ ಕುಳಿತು ನಮ್ಮ ಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು, ಜಾಹೀರಾತು ಸಹಿತ. ಮಡಚಿಟ್ಟು ನನ್ನ ಕಡೆ ತಿರುಗಿದರು.

“ಬಲೆ, ಚಾ ಪರ್ಲೆ.”

ಬನ್ನಿ, ಚಹಾ ಕುಡಿಯಿರಿ. ಹಸುವಿಗಲ್ಲ, ನನಗೆ.

ಮಧ್ಯಾಹ್ನ ರಾಜೀನಾಮೆ ಎಲ್ಲರಿಗೂ ಗೊತ್ತಾಯಿತು. ಸಂಪಾದಕರು ಫೋನ್ ಮಾಡಿದರು: “ಅವರ ಅಕ್ಕನ ಮನೆಯಲ್ಲೇ ಇದ್ದೀರಿ. ಮೊದಲೇ ಗೊತ್ತಾಗಲಿಲ್ಲವಾ?”

“ಅವರು ಮನೆಯಲ್ಲಿ ತುಳು ಮಾತಾಡ್ತಾರೆ ಸರ್,” ಅಂದೆ. ಅದರಲ್ಲಿ ಸುಳ್ಳಿರಲಿಲ್ಲ.

ಮೇಜಿನ ಮುಂದೆ ಹೊಸ ವರದಿಗಾರ್ತಿ ಇನ್ನೂ ಕಾಯುತ್ತಿದ್ದರು. ತುಳು ಯಾಕೆ ಬೇಕು ಎಂದು ಕೇಳಿದೆ.

“ಸುದ್ದಿ ಸಿಗುತ್ತಲ್ಲಾ ಸರ್.”

ಪುಸ್ತಕವನ್ನು ಡ್ರಾಯರಿಗೆ ಹಾಕಿ ಮುಚ್ಚಿದೆ. ಹಸು ಸಾಕಿರುವ ಮನೆಯಲ್ಲಿ ಒಂದು ಕೋಣೆ ಹುಡುಕಿಕೊಳ್ಳಿ ಎಂದೆ.