ಗೋವಾಕ್ಕೆ ಹೋದ ಅಣ್ಣ

ವರ್ತೂರಿನ ಸೊಣ್ಣಮ್ಮನಿಗೆ ಈಗ ಎಂಬತ್ತೆರಡು. ಹೋದ ವರ್ಷ ಮಗಳ ಮಗಳು ಶರಣ್ಯ ಆಫೀಸಿನಿಂದ ಬಂದವಳೇ, "ಅಜ್ಜಿ, ಆಫೀಸಿನವ್ರೆಲ್ಲ ಗೋವಾಕ್ಕೆ ಹೋಗ್ತಿದೀವಿ, ಮೂರು ದಿನ" ಅಂದಾಗ ಮುದುಕಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿಬಿಟ್ಟಳು.

"ಅಲ್ಲಿಗ್ ಓಗ್ಬ್ಯಾಡ ಕಣವ್ವ. ಅಲ್ಲಿಗ್ ಓದೋರು ಬರಾಕಿಲ್ಲ."

ಶರಣ್ಯ ನಕ್ಕಳು. ಆಮೇಲೆ ಅಜ್ಜಿಯ ಮುಖ ನೋಡಿ ಪಕ್ಕದಲ್ಲಿ ಕೂತಳು. ಆ ಮನೆಯಲ್ಲಿ ಯಾರೂ ಆಡದ ಮಾತು ಅವತ್ತು ಹೊರಗೆ ಬಂತು.

ಸೊಣ್ಣಮ್ಮನಿಗೊಬ್ಬ ಅಣ್ಣನಿದ್ದ, ರಾಮಾಂಜಿನಪ್ಪ. ವಿಮಾನದ ಕಾರ್ಖಾನೆಯಲ್ಲಿ ಫಿಟ್ಟರು, ದಿನಾ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದ. ದೇಶಕ್ಕೆ ಸ್ವಾತಂತ್ರ್ಯ ಬಂದು ಎಂಟು ವರ್ಷವಾಗಿದ್ದರೂ ಗೋವಾ ಇನ್ನೂ ಪೋರ್ಚುಗೀಸರ ಕೈಯಲ್ಲಿತ್ತು. ಐವತ್ತೈದರ ಆಗಸ್ಟಿನಲ್ಲಿ ಎಲ್ಲೆಲ್ಲಿಂದಲೋ ಜನ ಆಯುಧವಿಲ್ಲದೆ, ಬಾವುಟವಷ್ಟೇ ಹಿಡಿದು ಗಡಿ ದಾಟಲು ಹೊರಟರು. ಇಪ್ಪತ್ತೆರಡರ ರಾಮಾಂಜಿನಪ್ಪನೂ ಹೊರಟ. ಹೇಳಿದ್ದು ಹನ್ನೆರಡು ವರ್ಷದ ತಂಗಿಯೊಬ್ಬಳಿಗೇ.

"ಅವ್ವಂಗ್ ಯೋಳ್ಬ್ಯಾಡ ಸೊಣ್ಣಿ. ಯೋಳಿದ್ರೆ ಬಿಡಾಕಿಲ್ಲ. ಒಂದ್ ವಾರ, ಬಂದ್ಬಿಡ್ತೀನಿ."

ಅವಳು ಹೇಳಲಿಲ್ಲ. ಅವ್ವ ಕೆರೆ ಏರಿಯ ಮೇಲೆ ನಿಂತು ದಾರಿ ಕಾದಳು. ಆಗಲೂ ಸೊಣ್ಣಿ ಬಾಯಿ ಬಿಡಲಿಲ್ಲ. ಹತ್ತು ದಿನದ ಮೇಲೆ ಬಂದವನು ಅಣ್ಣನ ಜೊತೆ ಹೋಗಿದ್ದ ಗೆಳೆಯ ಗಂಗಪ್ಪ, ಕುಂಟುತ್ತ.

"ಗುಂಡು ಆರಿಸಿದ್ರು. ನನ್ ಮುಂದೇನೇ ಬಿದ್ದ. ಎತ್ಕಂಡ್ ಬರಾಕ್ ಬಿಡ್ಲಿಲ್ಲ" ಅಂದ.

ಹೆಣ ಬರಲಿಲ್ಲ. ಒಂದು ಕಾಗದವೂ ಬರಲಿಲ್ಲ.

ಸೊಣ್ಣಮ್ಮ ಗುಟ್ಟು ಹೇಳಿದ್ದು ಆಗ. ಅವ್ವ ಹೊಡೆಯಲಿಲ್ಲ. "ನೀನ್ ಯೋಳಿದ್ರೆ ನನ್ ಮಗ ಬದುಕ್ತಿದ್ದ" ಅಂದಳು, ಅಷ್ಟೇ. ಆಮೇಲೆ ಹದಿನೆಂಟು ವರ್ಷ ಬದುಕಿದ್ದಳು. ಅಷ್ಟೂ ವರ್ಷ ಮಗಳ ತಲೆ ಮುಟ್ಟಿ ಬಾಚಲಿಲ್ಲ, ಮದುವೆಯ ದಿನವೂ.

ಶರಣ್ಯ ಆಫೀಸಿನವರ ಜೊತೆ ಹೋಗಲಿಲ್ಲ. ದಸರಾ ರಜೆಯಲ್ಲಿ ಅಜ್ಜಿಯನ್ನೇ ಕಾರಿನಲ್ಲಿ ಕೂರಿಸಿಕೊಂಡು ಗೋವಾ ಗಡಿಯಲ್ಲಿ ಆಗ ಸತ್ತವರ ಸ್ಮಾರಕವೊಂದಕ್ಕೆ ಹೋದಳು. ಕಲ್ಲಿನ ಮೇಲಿದ್ದ ಹೆಸರುಗಳನ್ನೆಲ್ಲ ಒಂದೊಂದಾಗಿ ಓದಿದಳು.

"ಐತಾ?"

"ಇಲ್ಲ ಅಜ್ಜಿ."

"ಇನ್ನೊಂದ್ ಕಿತ ನೋಡವ್ವ."

ಮತ್ತೆ ನೋಡಿದಳು. ಇರಲಿಲ್ಲ.

"ಎಲ್ ಮಣ್ ಮಾಡವ್ರೆ ಅಂತಾನಾದ್ರೂ ಕೇಳು."

ಅಲ್ಲಿನ ಕಾವಲುಗಾರನನ್ನು ಶರಣ್ಯ ಹಿಂದಿಯಲ್ಲಿ ಕೇಳಿದಳು. ಗಡಿಯಾಚೆ ಬಿದ್ದವರನ್ನೆಲ್ಲ ಎಲ್ಲೆಲ್ಲಿ ಹೂತರೋ ತನಗೆ ಗೊತ್ತಿಲ್ಲವೆಂದು ಅವನು ಕೈಯಾಡಿಸಿದ. ಸೊಣ್ಣಮ್ಮ ಒದ್ದೆ ನೆಲದ ಮೇಲೆ ಕೂತು, ಗೋವಾದ ಕಡೆ ತಿರುಗಿ "ಅಣ್ಣಯ್ಯಾ" ಎಂದು ಒಮ್ಮೆ ಕೂಗಿದಳು. ರಸ್ತೆಯಲ್ಲಿ ಹಾಡು ಹಾಕಿಕೊಂಡು ಹೋಗುತ್ತಿದ್ದ ಕಾರುಗಳ ಗದ್ದಲದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಊರಿಗೆ ಬಂದ ಮೇಲೆ ಶರಣ್ಯ ರಾಮಾಂಜಿನಪ್ಪನ ದಾಖಲೆ ಕೇಳಿ ಎರಡು ಸರ್ಕಾರಿ ಕಚೇರಿಗಳಿಗೆ ಅರ್ಜಿ ಬರೆದಳು. ಒಂದರಿಂದ ಮಾತ್ರ ಉತ್ತರ ಬಂತು, ಆ ಹೆಸರಿನ ಸತ್ಯಾಗ್ರಹಿಯ ಬಗ್ಗೆ ಯಾವ ದಾಖಲೆಯೂ ಇಲ್ಲವೆಂದು. ಮುಚ್ಚಿಡಲು ಮನಸ್ಸಾಗದೆ ಅಜ್ಜಿಗೆ ಓದಿ ಹೇಳಿದಳು.

"ಅಂಗಾರೆ ಅವ್ನು ಓಗೇ ಇಲ್ಲ ಅಂತಾರಾ?"

ಸೊಣ್ಣಮ್ಮ ಗೋಡೆಯ ಕಡೆ ಹೊರಳಿ ಮಲಗಿದಳು. ಅಜ್ಜಿ ಬಿಕ್ಕಿ ಬಿಕ್ಕಿ ಅಳುವುದನ್ನು ಮೊಮ್ಮಗಳು ನೋಡಿದ್ದು ಅದೇ ಮೊದಲು.