ನಲವತ್ತು ಹೆಜ್ಜೆ ಹಿಂದೆ ಬಂದ ಬೆಂಚು

ಉದ್ಯಾನದೊಳಗೆ ಹಳ್ಳದ ದಂಡೆಯುದ್ದಕ್ಕೂ ಸಾಗುವ ಕಾಲುದಾರಿಯನ್ನು ನೋಡಿಕೊಳ್ಳುವುದು ಅವನ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ಅಲ್ಲಿಯ ಎಲೆ ಗುಡಿಸಿದವನು, ಮರದ ಸೇತುವೆಯ ಹಲಗೆಗಳಿಗೆ ಮೊಳೆ ಹೊಡೆದವನು, ನೀರಿಗೆ ಬಿದ್ದ ಬಿಸ್ಕತ್ತಿನ ಪೊಟ್ಟಣಗಳನ್ನು ಕೋಲಿನಿಂದ ಎಳೆದು ತೆಗೆದವನು ಅವನೇ. ದಾರಿ ಒಂದು ಕಿಲೋಮೀಟರಿಗೂ ಕಡಿಮೆ. ಮಕ್ಕಳುಮರಿ ಕಟ್ಟಿಕೊಂಡು ಬಂದವರಿಗೆ ಅದು ಅರ್ಧ ಗಂಟೆಯ ಹಾಯಾದ ನಡಿಗೆ. ಅವನಿಗೆ ದಿನಕ್ಕೆ ಆರು ಸಲ ಹೋಗಿ ಬರುವ ದುಡಿತ. ಐವತ್ತೇಳನೇ ವಯಸ್ಸಿಗೇ ಮಂಡಿಗಳೆರಡೂ ಕೈಕೊಟ್ಟಿದ್ದವು.

ಮನೆಯಲ್ಲಿ ಹೆಂಡತಿ ಮತ್ತು ಹೆಂಡತಿಯ ತಾಯಿ. ಅತ್ತೆಗೆ ಎಂಬತ್ತು ದಾಟಿತ್ತು. ಅಳಿಯನಿಗೆ ಆಕೆ ಇಟ್ಟ ಹೆಸರು ‘ಹಳ್ಳದ ದೊರೆ’.

“ದೊರೆಗಳು ತಮ್ಮ ರಾಜ್ಯಾನ ನಮಗೆ ಒಂದಿನಾನೂ ತೋರಿಸ್ಲಿಲ್ಲ” ಎಂದು ಆಗಾಗ ಕುಟುಕುತ್ತಿದ್ದಳು.

ಆ ಭಾನುವಾರ ಅವನಿಗೆ ರಜೆ. ಮುಸುಕು ಹೊದ್ದು ಮಲಗುವ ಆಸೆಯಿತ್ತು. ಬಟ್ಟೆ ಅಂಗಡಿಯ ಕೆಲಸಕ್ಕೆ ಹೊರಟ ಹೆಂಡತಿ ಬಾಗಿಲಲ್ಲಿ ನಿಂತು, “ಅಮ್ಮನ್ನ ಒಂದ್ಸಲ ಕರ್ಕೊಂಡು ಹೋಗಿ ಬನ್ರೀ. ವಾರದಿಂದ ಕಿಟಕಿ ಬಿಟ್ಟು ಎದ್ದಿಲ್ಲ” ಅಂದಳು. ಹೂಂ ಅಂದ. ರಜೆಯ ದಿನವೂ ಅದೇ ಹಳ್ಳವೇ ಎಂದು ಒಳಗೊಳಗೇ ಹಲ್ಲು ಕಡಿದ.

ಸೇತುವೆಯವರೆಗೆ ಅತ್ತೆ ಕೋಲೂರಿಕೊಂಡು ಚೆನ್ನಾಗಿಯೇ ನಡೆದಳು. ಕಟಕಟೆಯ ಮೇಲೆ ಕೈಯಾಡಿಸಿ, “ಎಲ್ಲೂ ಸಿಬಿರು ಚುಚ್ಚಲ್ಲ” ಅಂದಳು.

“ವರ್ಷಕ್ಕೆರಡು ಸಲ ಉಜ್ತೀನಿ.”

ಸೇತುವೆಯ ಆಚೆಗೆ ದಾರಿ ತುಸು ಏರು. ಅದೂ ಒಂದು ಏರೇ ಎಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ. ಅತ್ತೆ ಏರಿನ ನಡುವೆಯೇ ನಿಂತುಬಿಟ್ಟಳು. ಎರಡೂ ಕೈಯಿಂದ ಕೋಲಿನ ಮೇಲೆ ಭಾರ ಹಾಕಿದಳು.

“ಕೂತ್ಕೊಳ್ಳೋದೆಲ್ಲಿ?”

“ಅಗೋ, ಮೇಲೆ ಬೆಂಚಿದೆ. ನಲವತ್ತು ಹೆಜ್ಜೆ ಅಷ್ಟೆ.”

“ಸುಸ್ತಾಗೋದು ಇಲ್ಲಿ, ಬೆಂಚು ಅಲ್ಲಿ. ಯಾವ ಪುಣ್ಯಾತ್ಮ ಹಾಕಿದ್ದು?”

ಹಾಕಿದ್ದು ಅವನೇ, ಟೇಪು ಹಿಡಿದು, ನೂರು ಮೀಟರಿಗೊಂದರಂತೆ. “ಆಫೀಸಿನ ಅಳತೆ ಅದು” ಎಂದ ಸಿಡುಕಿನಿಂದ.

“ಸರಿ ಬಿಡಿ, ಆಫೀಸಿಗೆ ಮಂಡಿ ಇರಲ್ಲ” ಎನ್ನುತ್ತಲೇ ಅತ್ತೆ ದಾರಿಯಲ್ಲೇ ಕುಸಿದು ಕೂತಳು.

ಎಬ್ಬಿಸಲು ಬಗ್ಗಿದ. ಅವನ ಮಂಡಿಯೇ ಲಟಕ್ಕೆಂದಿತು. ಕೂಸಿನ ಗಾಡಿ ತಳ್ಳಿಕೊಂಡು ಬರುತ್ತಿದ್ದ ತಾಯಿಯೊಬ್ಬಳು ಅಜ್ಜಿಯ ಜೊತೆ ನಿಂತಳು. ಅವನು ಶೆಡ್ಡಿಗೆ ಹೋಗಿ ಎಲೆ ಹೊರುವ ಒಂಟಿಚಕ್ರದ ಕೈಗಾಡಿ ತಂದು, ಗೋಣಿಚೀಲ ಹಾಸಿದ.

“ಕಸದ ಗಾಡೀಲಿ ಕೂರಿಸ್ತೀರಾ ನನ್ನ?”

“ಹಸಿ ಎಲೆಗಿಂತ ನೀವೇ ಹಗುರ, ಬನ್ನಿ.”

ಅವನೂ ಆ ತಾಯಿಯೂ ಸೇರಿ ಎತ್ತಿ ಕೂರಿಸಿದರು. ಇಳಿಜಾರಿನಲ್ಲಿ ಗಾಡಿ ತಡೆದು ತಡೆದು ಅವನ ಬೆನ್ನು ಬಿಲ್ಲಾಯಿತು. ಸೇತುವೆ ದಾಟಿ ಸ್ವಲ್ಪ ದೂರ ಬರುವಷ್ಟರಲ್ಲಿ ಏದುಸಿರು.

“ನಿಲ್ಸಿ. ನೀವೂ ಕೂತ್ಕೊಳ್ಳಿ” ಅಂದಳು ಅತ್ತೆ.

ದಂಡೆಯ ಕಲ್ಲೊಂದರ ಮೇಲೆ ಕೂತ. ಆ ದಾರಿಯಲ್ಲಿ ಅವನು ಹಗಲಲ್ಲಿ ಹೀಗೆ ಕೂತದ್ದು ಅದೇ ಮೊದಲು. ಕಾಲು ಮರಗಟ್ಟಿತ್ತು. ನೀರು ಸಣ್ಣಗೆ ಸದ್ದು ಮಾಡುತ್ತ ಹರಿಯುತ್ತಿತ್ತು.

ಸೋಮವಾರ ಅವನು ಹಾರೆ ಹಿಡಿದು ಆ ಬೆಂಚನ್ನು ಕಿತ್ತ. ಸಿಮೆಂಟು ಬಿಡಿಸುವುದಕ್ಕೇ ಮಧ್ಯಾಹ್ನವಾಯಿತು. ಏರಿನ ನಡುವೆ ಗುಂಡಿ ತೋಡುತ್ತಿದ್ದಾಗ ಮೇಲ್ವಿಚಾರಕರು ಬಂದರು.

“ಯಾರನ್ನ ಕೇಳಿ ಕಿತ್ರಿ?”

“ನಮ್ಮತ್ತೇನ ಕೇಳಿ, ಸಾರ್.”

ಅವರು ಏನೋ ಹೇಳಲು ಬಾಯಿ ತೆರೆದರು. ಏರು ಹತ್ತಿ ಬಂದಿದ್ದ ಉಸಿರು ಇನ್ನೂ ಹತೋಟಿಗೆ ಬಂದಿರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಗುಂಡಿ ನೋಡಿ, “ಇವತ್ತೇ ಮುಗಿಸಿ. ಗುಂಡಿ ಹಾಗೇ ಬಿಡಬೇಡಿ” ಎಂದು ಹೊರಟುಹೋದರು.

ಸಂಜೆ ಮನೆಯಲ್ಲಿ ಗೋಡೆಗೊರಗಿ ಕೂತು ಅವನು ಸುದ್ದಿ ಹೇಳಿದ. ಅತ್ತೆ ಎಲ್ಲ ಕೇಳಿಸಿಕೊಂಡು, “ಒರಗೋಕೆ ಬೆನ್ನಿದೆಯಾ ಅದಕ್ಕೆ?” ಅಂದಳು.

“ಇಲ್ಲ.”

“ಹ್ಞಾಂ.”

ಅವನು ಕಣ್ಣು ಮುಚ್ಚಿದ. “ಬೆನ್ನೂ ಹಾಕೋಣ ಅತ್ತೆ. ನಾಳೆ ಬೇಡ, ನಾಡಿದ್ದು.”