ದನಿ ಕೇಳಿ ಪಾತ್ರ ಕೊಡುತ್ತಿದ್ದ ಭಾವ

ತೀರಿಹೋದ ನನ್ನ ಭಾವ, ನಿಜಾಮನ ಪರವಾಗಿ ಹಳ್ಳಿಗಳ ಮೇಲೆ ದಾಳಿ ಮಾಡುತ್ತಿದ್ದ ರಜಾಕಾರರ ಕಾಲದ ಬಗ್ಗೆ ಒಂದು ಸಣ್ಣ ಸಿನಿಮಾ ತೆಗೆದಿದ್ದರು. ಊರವರೇ ನಟರು. ಆರಿಸುವಾಗ ಮುಖ ನೋಡದೆ ಕಣ್ಣು ಮುಚ್ಚಿ ಕೂತು, “ಮಾರಿ ಬ್ಯಾಡ್ರಿ, ದನಿ ಕೇಳಸ್ರಿ” ಎನ್ನುತ್ತಿದ್ದರು.

ಭಾಲ್ಕಿಯಲ್ಲಿ ರಜಾಕಾರನ ಪಾತ್ರಕ್ಕೆ ಬಂದವನೊಬ್ಬ ಬಾಗಿಲು ಗುದ್ದಿ, “ದರವಾಜಾ ಖೋಲೋ!” ಎಂದು ಅಬ್ಬರಿಸಿದ. ಅಜ್ಜಿಯ ಪಾತ್ರ ಕೇಳಿ ಬಂದಿದ್ದ ಮುದುಕಿ, ಆ ಕಾಲದಲ್ಲಿ ಕೂಸಿನೊಂದಿಗೆ ಕಾಳು ತುಂಬುವ ನೆಲದಡಿಯ ಹಗೇವಿನಲ್ಲಿ ಅಡಗಿ ಒಬ್ಬರೇ ಹೊರಬಂದಿದ್ದವರು, ಪಕ್ಕದವಳ ಮಗುವನ್ನು ಸೆಳೆದುಕೊಂಡು ಅದರ ಬಾಯಿ ಒತ್ತಿ ಹಿಡಿದರು.

“ಆಯಿ, ಇದು ಸಿನಿಮಾರಿ! ಕೈ ತಗೀರಿ!” ತಾಯಿ ಚೀರಿದಳು.

“ಸುಮ್ಕಿರು, ಅವ್ರಿಗಿ ಕೇಳಸ್ತದ,” ಮುದುಕಿ ಪಿಸುಗುಟ್ಟಿದರು.

ಮಗುವಿನ ಮುಖ ಕಂದುತ್ತಿತ್ತು. ಭಾವ ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅಷ್ಟೇ ಮೆಲ್ಲಗೆ, “ಹೋದ್ರು ಆಯಿ. ಎಲ್ಲಾರೂ ಹೋದ್ರು” ಎಂದರು.

ಕೈ ಸಡಿಲಾಯಿತು. ಮಗು ಕಿರುಚಿ ಅತ್ತಿತು. ತಾಯಿ ರಮಿಸಲು ಹೋದಾಗ ಭಾವ ತಡೆದರು.

“ಅಳ್ಲಿ ಬಿಡವ್ವ. ಆಯಿ ಕೇಳ್ಲಿ.”